ಹವಾಯಿ ದ್ವೀಪಗಳಲ್ಲಿ ಊರಿನ ಬೆಳೆ ಎಲ್ಲಿಗೆ ಹೋಯಿತು?

ನಮ್ಮ ಹಾಲಿನ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಹವಾಯಿ ದ್ವೀಪದ ವಿಷಯ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಕೇಳಬೇಕಾದ್ದೇ. ನಾವು ಆ ಕಡೆ ಹೋಗಿಬಂದವರಲ್ಲ, ಓದಿ ತಿಳಿದವರು. ಆದರೆ ಓದುತ್ತಾ ಹೋದ ಹಾಗೆ ಕೆಸು, ಬಾಳೆ, ಜೀಗುಜ್ಜೆ, ಕಬ್ಬು, ದನ, ಹಾಲು ಎಲ್ಲ ನಮ್ಮ ಹಿತ್ತಿಲಿನ ಮಾತೇ ಅನ್ನಿಸಿತು. ಆದ್ದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ಹವಾಯಿ ಅಂದರೆ ಪೆಸಿಫಿಕ್ ಮಹಾಸಾಗರದ ನಡುವೆ, ಕ್ಯಾಲಿಫೋರ್ನಿಯ ತೀರದಿಂದ ಸುಮಾರು 3,800 ಕಿಲೋಮೀಟರ್ ದೂರದಲ್ಲಿರುವ ದ್ವೀಪಗಳ ಗುಂಪು. ಅಮೆರಿಕದ ಒಂದು ರಾಜ್ಯ. ಹದಿನಾಲ್ಕು ಲಕ್ಷ ಜನ. ಹನ್ನೆರಡು ತಿಂಗಳೂ ಬೆಳೆ ತೆಗೆಯುವ ಹವೆ, ಜ್ವಾಲಾಮುಖಿಯಿಂದಾದ ಮಣ್ಣು, ಬೆಟ್ಟದ ಮೇಲೆ ಧಾರಾಳ ಮಳೆ. ಇಷ್ಟಿದ್ದೂ ಅಲ್ಲಿನ ಜನ ತಿನ್ನುವುದರಲ್ಲಿ ನೂರಕ್ಕೆ 85ರಿಂದ 90 ಭಾಗ ಹಡಗಿನಲ್ಲಿ ಹೊರಗಿನಿಂದ ಬರುತ್ತದೆ ಅಂತ ಆ ರಾಜ್ಯ ಸರ್ಕಾರದ 2012ರ ವರದಿಯೇ ಹೇಳಿತು. ಅಂಗಡಿಗೆ ಹೋದವರು ಈ ನೆಲದಲ್ಲೇ ಬೆಳೆದ ತರಕಾರಿ ಯಾವುದು, ಇಲ್ಲೇ ಮೇಯ್ದ ದನದ ಮಾಂಸ ಯಾವುದು ಅಂತ ಹುಡುಕಿ ಕೇಳಿ ತಗೋಬೇಕು.

ಮೊದಲು ಹೀಗಿರಲಿಲ್ಲ. 1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಬರುವಾಗ ಅಲ್ಲಿದ್ದ ಲಕ್ಷಾಂತರ ಜನ ಪೂರ್ತಿ ತಮ್ಮ ನೆಲ, ತಮ್ಮ ಕಡಲಿನಿಂದಲೇ ಉಣ್ಣುತ್ತಿದ್ದರು. ಬೆಟ್ಟದ ತುದಿಯಿಂದ ಕಡಲಿನವರೆಗೆ ಸೀಳಿದಂತೆ ಊರಿನ ಗಡಿ. ಅದಕ್ಕೆ ಅಹುಪುಆ ಅಂತ ಹೆಸರು. ಮೇಲೆ ಕಾಡು, ನಡುವೆ ಗದ್ದೆ, ಕೆಳಗೆ ಕಲ್ಲುಗೋಡೆ ಕಟ್ಟಿದ ಮೀನಿನ ಕೊಳ. ಹೊಳೆಯ ನೀರನ್ನು ಕಾಲುವೆಯಲ್ಲಿ ಕೆಸುವಿನ ಗದ್ದೆಗೆ ತಿರುಗಿಸುತ್ತಿದ್ದರು. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇಳಿದು ಅದು ಮತ್ತೆ ಹೊಳೆಗೇ ಸೇರಬೇಕು, ಯಾರೂ ತಡೆದು ಇಟ್ಟುಕೊಳ್ಳುವ ಹಾಗಿಲ್ಲ. ಅವರ ಭಾಷೆಯಲ್ಲಿ ನೀರಿಗೆ ವಾಯಿ, ಸಂಪತ್ತಿಗೆ ವಾಯಿವಾಯಿ.

ಕೆಸುವಿನ ಗಡ್ಡೆ ಬೇಯಿಸಿ, ಕಲ್ಲಿನಲ್ಲಿ ಕುಟ್ಟಿ, ನೀರು ಕೂಡಿಸಿದರೆ ಪೋಯಿ. ಒಂದೆರಡು ದಿನ ಇಟ್ಟು ಹುಳಿ ಬಂದ ಮೇಲೆ ಇಷ್ಟಪಟ್ಟು ತಿನ್ನುವವರೂ ಇದ್ದಾರೆ. ಎಲೆಯಲ್ಲಿ ಹಂದಿಮಾಂಸ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಮಾಂಸ ಬಿಟ್ಟರೆ ನಮ್ಮ ಪತ್ರೊಡೆಗೆ ದೂರದ ನಂಟ ಅನ್ನಬಹುದೇನೋ.

ಕೆಟ್ಟದ್ದು ಎಲ್ಲಿ? ಮಣ್ಣಿನಲ್ಲಿ ಅಲ್ಲ, ಕಾಗದದಲ್ಲಿ. 1848ರಲ್ಲಿ ರಾಜರ ಕಾಲದಲ್ಲೇ ಭೂಮಿ ಹಂಚಿಕೆಯಾಯಿತು. 1850ರ ಕಾನೂನಿನಂತೆ ಉಳುಮೆ ಮಾಡುವವರು ಅರ್ಜಿ ಕೊಟ್ಟು ತಮ್ಮ ತುಂಡನ್ನು ದಾಖಲು ಮಾಡಿಸಿಕೊಳ್ಳಬೇಕಾಗಿತ್ತು. ಕೊನೆಗೆ ಸಾಮಾನ್ಯ ಜನರ ಕೈಗೆ ಬಂದದ್ದು ಒಟ್ಟು ಭೂಮಿಯ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಅದೇ 1850ರಲ್ಲಿ ಹೊರಗಿನವರೂ ಜಮೀನು ಕೊಳ್ಳಬಹುದು ಅಂತಾಯಿತು. 1875ರ ಒಪ್ಪಂದದಿಂದ ಹವಾಯಿ ಸಕ್ಕರೆಗೆ ಅಮೆರಿಕದಲ್ಲಿ ಸುಂಕ ಇಲ್ಲ ಅಂತಾದ ಮೇಲೆ ಕೇಳಬೇಕೆ? ಎಲ್ಲಿ ನೋಡಿದರಲ್ಲಿ ಕಬ್ಬು. 1893ರಲ್ಲಿ ರಾಣಿಯನ್ನು ಇಳಿಸಿದರು, 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು.

ಕಬ್ಬಿಗೆ ನೀರು ಬೇಕು. ಓವಾಹು ದ್ವೀಪದ ಮಳೆ ಬೀಳುವ ಪೂರ್ವದ ಮಗ್ಗುಲಿನಿಂದ ಬೆಟ್ಟದೊಳಗೆ ಸುರಂಗ ಕೊರೆದು, ಒಣ ಮಗ್ಗುಲಿನ ತೋಟಗಳಿಗೆ ನೀರು ಹಾಯಿಸಿದರು. 1916ರಲ್ಲಿ ಮುಗಿದ ಈ ವಾಯಿಆಹೋಲೆ ಕಾಲುವೆಯಲ್ಲಿ ಹರಿದದ್ದು ದಿನಕ್ಕೆ ಸುಮಾರು 10 ಕೋಟಿ ಲೀಟರ್. ಆ ಕಡೆ ಕಬ್ಬು ಎದ್ದಿತು, ಈ ಕಡೆ ಹೊಳೆ ಸೊರಗಿ ಕೆಸುವಿನ ಗದ್ದೆ ಬೀಳುಬಿತ್ತು. ಇಂಜಿನಿಯರುಗಳ ಕೆಲಸ ದೊಡ್ಡದೇ, ಅಲ್ಲ ಅನ್ನುವುದಿಲ್ಲ. ನೀರು ಕಳೆದುಕೊಂಡವರ ಲೆಕ್ಕ ಮಾತ್ರ ಯಾರೂ ಬರೆದಿಡಲಿಲ್ಲ.

ಹಡಗನ್ನು ನಂಬಿ ಬದುಕುವುದು ಅಂದರೇನು ಅಂತ 1949ರಲ್ಲಿ ಎಲ್ಲರಿಗೂ ಗೊತ್ತಾಯಿತು. ಮೇ ಒಂದರಂದು ಬಂದರಿನ ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿಯ ಬೇಡಿಕೆ ನ್ಯಾಯವಾದದ್ದೇ. ಆದರೆ ಅದು ಸುಮಾರು ಆರು ತಿಂಗಳು ನಡೆಯಿತು, ಅಂಗಡಿಗಳಲ್ಲಿ ಸಾಮಾನಿಗೆ ತತ್ವಾರವಾಯಿತು.

ಇನ್ನು ಮಾಂಸದ ಕಥೆ. ಕಡಲು ದಾಟಿ ಮೊದಲು ನೆಲೆಸಿದವರು ಹಂದಿ, ಕೋಳಿ, ನಾಯಿ ತಂದಿದ್ದರು, ದನ ಇರಲಿಲ್ಲ. 1793ರಲ್ಲಿ ವ್ಯಾಂಕೂವರ್ ಎಂಬ ಬ್ರಿಟಿಷ್ ಕಪ್ತಾನ ರಾಜ ಕಮೆಹಮೆಹನಿಗೆ ದನ ತಂದು ಕೊಟ್ಟ. ಕೊಲ್ಲಬಾರದು ಅಂತ ರಾಜಾಜ್ಞೆ. ಅವು ಕಾಡುದನಗಳಾಗಿ ಹೆಚ್ಚಿ ಜನರ ಬೆಳೆಗೆ ನುಗ್ಗಿದವು. ಆಮೇಲೆ ಮೆಕ್ಸಿಕೋ ಸೀಮೆಯ ದನಗಾಹಿಗಳನ್ನು ಕರೆಸಿ ಪಳಗಿಸುವುದು ಕಲಿತರು, ದೊಡ್ಡ ದೊಡ್ಡ ಹುಲ್ಲುಗಾವಲುಗಳಾದವು. ಈಗಲೂ ಅಲ್ಲಿ ದನ ಸಾಕುವವರಿದ್ದಾರೆ. ಆದರೆ ವಿಚಿತ್ರ ನೋಡಿ: 1990ರ ದಶಕದಿಂದೀಚೆಗೆ ಬಹುಪಾಲು ಕರುಗಳನ್ನು ಜೀವಂತ ಹಡಗಿಗೆ ಹತ್ತಿಸಿ ಅಮೆರಿಕದ ನೆಲಕ್ಕೆ ಕೊಬ್ಬಿಸಲು ಕಳಿಸಿದರು, ಅಂಗಡಿಯ ಮಾಂಸವನ್ನು ಅಲ್ಲಿಂದ ತರಿಸಿದರು. ದ್ವೀಪದಲ್ಲಿ ಮೇವಿನ ಕಾಳು ದುಬಾರಿ, ಕಸಾಯಿಖಾನೆಗಳು ಕಡಿಮೆ.

ಇನ್ನೊಂದು ಪ್ರಾಣಿ ನಮ್ಮದೇ. ನಾಗರಹೊಳೆ, ಬಂಡೀಪುರದಲ್ಲಿ ಕಾಣುವ ಚುಕ್ಕಿಜಿಂಕೆ! 1868ರಲ್ಲಿ ಹಾಂಗ್‌ಕಾಂಗ್‌ನಿಂದ ರಾಜರಿಗೆ ಉಡುಗೊರೆಯಾಗಿ ಮೊಲೊಕೈ ದ್ವೀಪಕ್ಕೆ ಹೋಯಿತು, 1959ರಲ್ಲಿ ಮಾವಿ ದ್ವೀಪಕ್ಕೂ ಬಿಟ್ಟರು. ಹುಲಿ ಚಿರತೆ ಇಲ್ಲದ ಕಡೆ ಅದಕ್ಕೆ ತಡೆ ಯಾರು? ತೋಟ, ಹುಲ್ಲು ಎಲ್ಲ ಮೇಯ್ದು ಹಾಕಿತು. ಈಗ ಅದನ್ನು ಬೇಟೆಯಾಡಿ, ತಪಾಸಣೆ ಮಾಡಿಸಿ ಮಾರುತ್ತಾರೆ. ದ್ವೀಪದ್ದೇ ಮಾಂಸ ಬೇಕು ಅನ್ನುವವರಿಗೆ ಸಿಗುವುದರಲ್ಲಿ ಅದೂ ಒಂದು.

ಹಾಲು ಅಳೆಯುವ ನಾವು ಇದನ್ನು ಹೇಳದೆ ಬಿಡಲಾರೆವು. ಹಿಂದೆ ಅಲ್ಲಿ ಊರಿನದೇ ಹಾಲಿತ್ತು. ಓವಾಹು ದ್ವೀಪದಲ್ಲಿ ಅನಾನಸಿನ ಎಲೆ ಕತ್ತರಿಸಿ ಹಸುಗಳಿಗೆ ಹಾಕುತ್ತಿದ್ದರು. ಆ ಗಿಡಗಳಿಗೆ ಇರುವೆ ಕೊಲ್ಲಲು ಹೆಪ್ಟಾಕ್ಲೋರ್ ಎಂಬ ವಿಷ ಹೊಡೆದಿದ್ದರು. 1982ರಲ್ಲಿ ಅದು ಹಾಲಿನಲ್ಲಿ ಕಂಡುಬಂದು ಅಂಗಡಿಯ ಹಾಲನ್ನೆಲ್ಲ ಹಿಂದಕ್ಕೆ ಕರೆಸಬೇಕಾಯಿತು. ಆಮೇಲೆ ಹೊರಗಿನ ಹಾಲು ಹಡಗಿನಲ್ಲಿ ಬರತೊಡಗಿತು, ಡೈರಿಗಳು ಒಂದೊಂದಾಗಿ ಮುಚ್ಚಿದವು. ಉಳಿದಿದ್ದ ದೊಡ್ಡದೊಂದು 2019ರಲ್ಲಿ ಬಾಗಿಲು ಹಾಕಿತು. ಇದಕ್ಕೆ ವಿಷ ಒಂದೇ ಕಾರಣವಲ್ಲ, ಮೇವಿನ ಬೆಲೆ, ಜಮೀನಿನ ಬೆಲೆ ಎಲ್ಲ ಸೇರಿತ್ತು.

ಹಾಗಂತ ಎಲ್ಲ ಮುಗಿದಿಲ್ಲ. ಹೊನಲುಲು ನಗರಸಭೆ 1973ರಲ್ಲಿ ಶುರುಮಾಡಿದ ಸಂತೆಯಲ್ಲಿ ಬೆಳೆಗಾರರು ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಲಾರಿ ತಗೊಂಡು ಹೋಗಿ ಮಾರಿದರು. ಹಿಲೊ ಪಟ್ಟಣದ ಸಂತೆ 1988ರಿಂದ. 2003ರಲ್ಲಿ ಹೊನಲುಲುವಿನ ಒಂದು ಕಾಲೇಜಿನ ಅಂಗಳದಲ್ಲಿ ಶನಿವಾರದ ಬೆಳೆಗಾರರ ಸಂತೆ ಸೇರಿತು.

ಕಬ್ಬು? ಅದರ ಕಾಲ ಮುಗಿಯಿತು. ಕೊನೆಯ ಸಕ್ಕರೆ ಕಾರ್ಖಾನೆ 2016ರ ಡಿಸೆಂಬರಿನಲ್ಲಿ ನಿಂತಿತು. ಓವಾಹುವಿನಲ್ಲಿ 1990ರ ದಶಕದಲ್ಲೇ ನಿಂತಾಗ, ಇನ್ನು ಆ ಕಾಲುವೆಯ ನೀರು ಯಾರದು ಅಂತ ಪ್ರಶ್ನೆ ಬಂತು. ಕೆಸು ಬೆಳೆಯುವವರು ನಮ್ಮ ಹೊಳೆ ನಮಗೆ ಬಿಡಿ ಅಂದರು. 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ನೀರು ಸಾರ್ವಜನಿಕರದು, ಸರ್ಕಾರ ಬರೀ ಅದರ ಕಾವಲುಗಾರ ಅಂತ ತೀರ್ಪು ಕೊಟ್ಟಿತು. ಹೊಳೆಗೆ ಒಂದಷ್ಟು ನೀರು ಬಂತು, ಪೂರ್ತಿ ಅಲ್ಲ.

ಮಾವಿ ದ್ವೀಪದ ಲಹೈನ ಪಟ್ಟಣ ಒಂದು ಕಾಲಕ್ಕೆ ಜೀಗುಜ್ಜೆ ಮರಗಳ ನೆರಳಿಗೆ ಹೆಸರಾದದ್ದು. ಅಲ್ಲಿನ ನೀರೂ ಕಬ್ಬಿಗೆ ಹೋಯಿತು. 1999ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಹೊಲಗಳು ಪಾಳುಬಿದ್ದು ಹೊರಗಿನ ಹುಲ್ಲು ಎದ್ದು ಒಣಗಿ ನಿಂತಿತ್ತು. 2023ರ ಆಗಸ್ಟ್ 8ರಂದು ಗಾಳಿಯ ಜೊತೆ ಬಂದ ಬೆಂಕಿಗೆ ಪಟ್ಟಣವೇ ಸುಟ್ಟುಹೋಗಿ ಸುಮಾರು ನೂರು ಜನ ಸತ್ತರು. ಬೀಜವಿಲ್ಲದ ಜೀಗುಜ್ಜೆಗೆ ಬೇರಿನಿಂದ ಸಸಿ ಆಗುತ್ತದೆ ಅಂತ ನಮ್ಮ ಹಿರಿಯರಿಗೆ ಗೊತ್ತು. ಬೆಂಕಿ ಆರಿದ ಮೇಲೆ ಅಲ್ಲಿನವರು ಸುಟ್ಟ ಮರಗಳ ಬುಡ ಅಗೆದು, ಇನ್ನೂ ಹಸಿಯಾಗಿದ್ದ ಬೇರು ಹುಡುಕಿ ಸಸಿ ಮಾಡಲು ಕೂತರು.