ಸ್ನಾರ್ಕೆಲ್ ಹಾಕಿಸಿದರೆ ಎಟಿವಿ ಎಷ್ಟೇ ಆಳದ ನೀರಿಗೂ ಇಳಿಯಬಹುದೇ?

ಸ್ನಾರ್ಕೆಲ್ ಇದ್ದರೆ ಎಟಿವಿಗೆ ನೀರಿನ ಭಯವಿಲ್ಲ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದು ಅರ್ಧ ಸತ್ಯ.

ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಲ್ಲದು, ನೀರನ್ನಲ್ಲ. ಹಾಗಾಗಿ ಸಿಲಿಂಡರಿಗೆ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಎಂಜಿನ್ ಗಾಳಿ ಎಳೆಯುವ ಕೊಳವೆಯ ಬಾಯಿಯನ್ನು ಮೇಲಕ್ಕೆತ್ತಿ ಸ್ನಾರ್ಕೆಲ್ ಇದನ್ನು ತಡೆಯುತ್ತದೆ.

ಆದರೆ ಬೆಲ್ಟ್ ಪೆಟ್ಟಿಗೆಗೂ ಗಾಳಿಯ ಕೊಳವೆಗಳಿವೆ. ಅಲ್ಲಿ ನೀರು ಹೊಕ್ಕರೆ ಬೆಲ್ಟ್ ಜಾರಿ, ಎಂಜಿನ್ ಓಡುತ್ತಿದ್ದರೂ ಗಾಡಿ ನಿಲ್ಲುತ್ತದೆ. ಬಿಸಿಯಾದ ಗೇರ್ ಪೆಟ್ಟಿಗೆ ಥಟ್ಟನೆ ತಣಿದಾಗ ತನ್ನ ಗಾಳಿನಳಿಕೆಯಿಂದ ನೀರು ಹೀರುತ್ತದೆ. ಇವನ್ನೂ ಎತ್ತರಿಸಬೇಕು, ವೈರ್ ಜೋಡಣೆಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಬೇಕು.

ಇಷ್ಟು ಮಾಡಿದರೂ ದಪ್ಪ ಟಯರುಗಳು ತೇಲಿ ಹಿಡಿತ ತಪ್ಪುತ್ತದೆ. ಹರಿಯುವ ನೀರಾದರೆ ಸವಾರನೂ ಕೊಚ್ಚಿಹೋಗಬಹುದು. ನೀರಿನಲ್ಲಿ ಎಂಜಿನ್ ನಿಂತರೆ ಸ್ಟಾರ್ಟ್ ಒತ್ತಬೇಡಿ. ಗಾಡಿಯನ್ನು ದಡಕ್ಕೆಳೆದು, ಸ್ಪಾರ್ಕ್ ಪ್ಲಗ್ ತೆಗೆಸಿ ನೀರು ಹೊರಹಾಕಿಸಿ.