ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಮತ್ತು ನಿಧಾನ: ಮಾರ್ಕಮ್ ಮೂಲದ ಎರಡು ಪ್ರಕರಣಗಳ ಮೇಲೊಂದು ಟಿಪ್ಪಣಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಬಗ್ಗೆ ದೂರು ಬರುವುದು ಬಹುಪಾಲು ಜೋಡಿಯಾಗಿಯೇ. ಕಾರ್ಡ್ ವಿಪರೀತ ಬಿಸಿಯಾಗುತ್ತಿದೆ. ಆಟವಾಗಲಿ ವಿಡಿಯೋ ಸಂಪಾದನೆಯಾಗಲಿ ಮೊದಲಿನ ವೇಗದಲ್ಲಿ ನಡೆಯುತ್ತಿಲ್ಲ. ಬಿಸಿಯಿಂದಲೇ ನಿಧಾನ ಎಂದು ಹೆಚ್ಚಿನವರು ಅಲ್ಲಿಗೇ ತೀರ್ಮಾನಿಸಿಬಿಡುತ್ತಾರೆ. ಅದು ನಿಜವಿದ್ದರೂ ಇರಬಹುದು, ಆದರೆ ತಾಪಮಾನದ ಒಂದೇ ಒಂದು ಅಂಕಿಯನ್ನು ನೋಡಿ ಹಾಗೆ ಹೇಳಲಾಗದು. ಅದೇ ಹೊತ್ತಿನ ಕ್ಲಾಕ್ ವೇಗ, ಫ್ಯಾನ್‌ನ ಸುತ್ತು, ಕಾರ್ಡ್ ಎಳೆಯುತ್ತಿರುವ ವ್ಯಾಟ್, ಕೋಣೆಯ ತಾಪ ಇವೆಲ್ಲವನ್ನೂ ಪಕ್ಕದಲ್ಲಿಟ್ಟು ಓದಬೇಕು. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಚಿಪ್‌ನ ಅಂಚಿನ ತಾಪಕ್ಕೂ ಅದರೊಳಗಿನ ಅತಿ ಬಿಸಿ ಬಿಂದುವಿನ ತಾಪಕ್ಕೂ ಇರುವ ಅಂತರವನ್ನು. ಈ ಮಾತನ್ನು ಸಾರ್ವಜನಿಕವಾಗಿ ದಾಖಲಾಗಿರುವ ಎರಡು ಪ್ರಕರಣಗಳ ಆಧಾರದ ಮೇಲೆ ಇಲ್ಲಿ ಪರಿಶೀಲಿಸಿದ್ದೇನೆ.

ಎರಡೂ ಪ್ರಕರಣಗಳು ರೇಡಿಯಾನ್ ಕಾರ್ಡ್‌ಗಳಿಗೆ ಸಂಬಂಧಿಸಿದವು. ರೇಡಿಯಾನ್‌ನ ತವರು ಟೊರಾಂಟೊದ ಉತ್ತರಕ್ಕೆ ಅಂಟಿಕೊಂಡಿರುವ ಮಾರ್ಕಮ್. ಕ್ವಾಕ್ ಯುಯೆನ್ ಹೋ, ಲೀ ಲಾವ್, ಬೆನ್ನಿ ಲಾವ್ ಮೊದಲಾದವರು 1985ರಲ್ಲಿ ಅರೇ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಕಟ್ಟಿದ ಕಂಪನಿ ಮುಂದೆ ಎಟಿಐ ಆಯಿತು. ಅದು 2000ದಲ್ಲಿ ರೇಡಿಯಾನ್ ಹೆಸರಿನ ಕಾರ್ಡ್‌ಗಳನ್ನು ಮಾರುಕಟ್ಟೆಗೆ ತಂದಿತು. 2006ರಲ್ಲಿ ಎಎಂಡಿ ಸುಮಾರು 540 ಕೋಟಿ ಅಮೆರಿಕನ್ ಡಾಲರಿಗೆ ಎಟಿಐಯನ್ನು ಕೊಂಡಿತು. 2010ರಲ್ಲಿ ಎಟಿಐ ಎಂಬ ಹೆಸರು ಕಾರ್ಡ್‌ಗಳಿಂದ ಮರೆಯಾಯಿತು, ರೇಡಿಯಾನ್ ಉಳಿಯಿತು. ಮಾರ್ಕಮ್‌ನ ಕಚೇರಿಯಲ್ಲಿ ಗ್ರಾಫಿಕ್ಸ್ ಕೆಲಸ ಇಂದಿಗೂ ನಡೆಯುತ್ತಿದೆ. ಇದೇ ಎಎಂಡಿ 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆಯಿತು. ಹಾಗಾಗಿ ಟೊರಾಂಟೊ ಭಾಗದ ಕನ್ನಡ ಮನೆಗಳಿಗೆ ಈ ವಿಷಯ ಎರಡು ದಿಕ್ಕಿನಿಂದಲೂ ಹತ್ತಿರದ್ದು.

ಮೊದಲನೆಯ ಪ್ರಕರಣ 2013ರ ಅಕ್ಟೋಬರಿನಲ್ಲಿ ಬಂದ ರೇಡಿಯಾನ್ ಆರ್9 290ಎಕ್ಸ್. ಈ ಕಾರ್ಡ್ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತು ಕೆಲಸ ಮಾಡುವಂತೆಯೇ ರೂಪಿಸಲಾಗಿತ್ತು. ಆ ಮಟ್ಟ ಮುಟ್ಟುವವರೆಗೆ ಕ್ಲಾಕ್ ವೇಗ 1 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಮುಟ್ಟಿದ ಮೇಲೆ ಫ್ಯಾನ್ ತನಗೆ ಹಾಕಿದ ಮಿತಿಯವರೆಗೆ ಜೋರಾಗುತ್ತದೆ. ಅದೂ ಸಾಲದಿದ್ದರೆ ಕ್ಲಾಕ್ ಇಳಿಯುತ್ತದೆ. ಹೀಗೆ ಇಳಿಯುವುದಕ್ಕೇ ಥ್ರಾಟ್ಲಿಂಗ್ ಎನ್ನುವುದು. ಸದ್ದು ಕಡಿಮೆಯಿರಲೆಂದು ಫ್ಯಾನ್‌ಗೆ ಹಾಕಿದ್ದ ಮಿತಿ ಶೇ. 40, ಕಾರ್ಡ್‌ನ ಮೇಲಿನ ಒಂದು ಸ್ವಿಚ್ ಸರಿಸಿದರೆ ಅದು ಶೇ. 55ಕ್ಕೆ ಏರುತ್ತಿತ್ತು.

ಕೆಲವೇ ವಾರಗಳಲ್ಲಿ ವಿಚಿತ್ರವೊಂದು ಗಮನಕ್ಕೆ ಬಂತು. ಪತ್ರಕರ್ತರಿಗೆ ಪರೀಕ್ಷೆಗೆಂದು ಕಳಿಸಿದ್ದ ಕಾರ್ಡ್‌ಗಳಿಗಿಂತ ಅಂಗಡಿಯಲ್ಲಿ ಕೊಂಡ ಕೆಲವು ಕಾರ್ಡ್‌ಗಳು ನಿಧಾನ. ಚಿಪ್ ಅದೇ, ಡ್ರೈವರ್ ಅದೇ, ತಾಪಮಾನವೂ ಅದೇ 95. ತಾಪವನ್ನಷ್ಟೇ ನೋಡಿದವರಿಗೆ ಎರಡು ಕಾರ್ಡ್‌ಗಳ ನಡುವೆ ಏನೇನೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿದ್ದದ್ದು ಫ್ಯಾನ್‌ನ ನಿಜವಾದ ವೇಗದಲ್ಲಿ. ಶೇ. 40 ಎಂಬುದು ಫ್ಯಾನ್‌ಗೆ ಕೊಡುವ ಆಜ್ಞೆಯ ಪ್ರಮಾಣವೇ ಹೊರತು ಅದು ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿತು ಎಂಬ ಲೆಕ್ಕವಲ್ಲ. ಒಂದೇ ಆಜ್ಞೆಗೆ ಒಂದು ಫ್ಯಾನ್ ಜೋರಾಗಿಯೂ ಇನ್ನೊಂದು ಮೆಲ್ಲಗೂ ತಿರುಗುತ್ತಿತ್ತು. ಮೆಲ್ಲಗೆ ತಿರುಗಿದ ಕಾರ್ಡ್ 95ನ್ನು ಕಾಯ್ದುಕೊಳ್ಳಲು ಕ್ಲಾಕ್ ಇಳಿಸಿಕೊಂಡಿತು. ನವೆಂಬರಿನಲ್ಲೇ ಎಎಂಡಿ ಹೊಸ ಡ್ರೈವರ್ ಕೊಟ್ಟು, ಶೇಕಡಾವಾರಿನ ಬದಲು ಸುತ್ತಿನ ಲೆಕ್ಕದಲ್ಲೇ ಫ್ಯಾನ್ ನಡೆಯುವಂತೆ ಮಾಡಿತು. ಬೇರೆ ತಯಾರಕರು ಅದೇ ಚಿಪ್‌ಗೆ ದೊಡ್ಡ ಹೀಟ್‌ಸಿಂಕ್ ಹಾಕಿ ಮಾರಿದ ಕಾರ್ಡ್‌ಗಳು ಇನ್ನೂ ಕಡಿಮೆ ತಾಪದಲ್ಲಿ ಪೂರ್ತಿ ವೇಗ ಉಳಿಸಿಕೊಂಡವು. ದೋಷ ಚಿಪ್‌ನಲ್ಲಿರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಎರಡನೆಯ ಪ್ರಕರಣಕ್ಕೆ ಹೋಗುವ ಮೊದಲು ಮಾಪನದಲ್ಲಾದ ಬದಲಾವಣೆಯೊಂದನ್ನು ಹೇಳಲೇಬೇಕು. ಹಿಂದೆ ಕಾರ್ಡ್‌ಗಳು ತೋರಿಸುತ್ತಿದ್ದದ್ದು ಚಿಪ್‌ನ ಅಂಚಿನ ತಾಪ. 2019ರ ರೇಡಿಯಾನ್ 7ರಿಂದ ಎಎಂಡಿ, ಚಿಪ್‌ನೊಳಗೆ ಹರಡಿದ ಹತ್ತಾರು ಸಂವೇದಕಗಳ ಪೈಕಿ ಅತಿ ಬಿಸಿಯಾದದ್ದರ ಅಂಕಿಯನ್ನೂ ಬಳಕೆದಾರರಿಗೆ ತೋರಿಸತೊಡಗಿತು. ಇದನ್ನೇ ಜಂಕ್ಷನ್ ಅಥವಾ ಹಾಟ್‌ಸ್ಪಾಟ್ ಎನ್ನುತ್ತಾರೆ. ಆ ವರ್ಷ ಆರ್‌ಎಕ್ಸ್ 5700 ಸರಣಿಯಲ್ಲಿ ಹಾಟ್‌ಸ್ಪಾಟ್ 110 ಡಿಗ್ರಿಯವರೆಗೆ ಹೋಗುವುದು ನಿರೀಕ್ಷಿತವೇ ಎಂದು ಕಂಪನಿ ಸ್ಪಷ್ಟವಾಗಿ ಹೇಳಿತು. ಅಂದರೆ 110 ಎಂಬ ಅಂಕಿ ತನ್ನಷ್ಟಕ್ಕೆ ರೋಗಲಕ್ಷಣವಲ್ಲ. ಇದನ್ನು ಒಪ್ಪಲು ಕಷ್ಟವೆನಿಸಬಹುದು, ನೀರು ಕುದಿಯುವುದಕ್ಕಿಂತ ಹೆಚ್ಚಿನ ತಾಪ ಅದು. ಆದರೂ ಮಿತಿಯನ್ನು ನಿಗದಿಪಡಿಸಿದವರೇ ಅದರೊಳಗೆ ಇದೆ ಎನ್ನುವಾಗ, ಆ ಅಂಕಿಯೊಂದನ್ನೇ ಹಿಡಿದು ಕಾರ್ಡ್ ಕೆಟ್ಟಿದೆ ಎಂದು ವಾದಿಸಿದರೆ ನಿಲ್ಲುವುದಿಲ್ಲ.

2022ರ ಡಿಸೆಂಬರ್ 13ರಂದು ಮಾರುಕಟ್ಟೆಗೆ ಬಂದ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್‌ನಲ್ಲಿ ಆದದ್ದು ಇದೇ ತೊಡಕು. ಎಎಂಡಿ ತಾನೇ ರೂಪಿಸಿದ ಕೂಲರ್ ಇರುವ ಕೆಲವು ಕಾರ್ಡ್‌ಗಳಲ್ಲಿ ಹಾಟ್‌ಸ್ಪಾಟ್ 110ಕ್ಕೆ ತಾಗಿ ಕ್ಲಾಕ್ ಕುಸಿಯುತ್ತಿತ್ತು. 110 ಮಾತ್ರ ಆಗಿದ್ದರೆ 2019ರ ಉತ್ತರವೇ ಸಾಕಿತ್ತು. ಆದರೆ ಇಲ್ಲಿ ಅಂಚಿನ ತಾಪ ಸಾಧಾರಣವಾಗಿಯೇ ಇದ್ದು, ಹಾಟ್‌ಸ್ಪಾಟ್ ಅದಕ್ಕಿಂತ 40 ಡಿಗ್ರಿಗೂ ಮೇಲಿತ್ತು. ಫ್ಯಾನ್‌ಗಳು ಅಬ್ಬರಿಸುತ್ತಿದ್ದರೂ ಅಂತರ ಕುಗ್ಗುತ್ತಿರಲಿಲ್ಲ. ಗಾಳಿ ಸಾಲದಿದ್ದರೆ ಎರಡೂ ಅಂಕಿಗಳು ಜೊತೆಯಾಗಿ ಏರಬೇಕು. ಒಂದೇ ಏರಿ ಇನ್ನೊಂದು ಹಿಂದುಳಿದರೆ, ಚಿಪ್‌ನ ಒಂದು ಭಾಗದಿಂದ ಶಾಖ ಹೊರಗೆ ಹೋಗುತ್ತಲೇ ಇಲ್ಲ ಎಂದರ್ಥ.

ಜರ್ಮನಿಯ ಡೆರ್‌ಬೌವರ್ ಎಂಬ ಹೆಸರಿನ ತಂತ್ರಜ್ಞ, ಖರೀದಿದಾರರಿಂದ ಇಂಥ ಕಾರ್ಡ್‌ಗಳನ್ನು ತರಿಸಿಕೊಂಡು ಪರೀಕ್ಷಿಸಿದರು. ಅವರು ಮಾಡಿದ ಅತ್ಯಂತ ಸರಳ ಪ್ರಯೋಗವೇ ಅತ್ಯಂತ ಫಲ ಕೊಟ್ಟಿತು: ಕಾರ್ಡ್‌ನ ಭಂಗಿಯನ್ನು ಬದಲಿಸಿದರು. ಅಡ್ಡ ಮಲಗಿಸಿದಾಗ 110 ಮುಟ್ಟುತ್ತಿದ್ದ ಕಾರ್ಡ್, ಲಂಬವಾಗಿ ನಿಲ್ಲಿಸಿ ಶುರುಮಾಡಿದರೆ ಗಣನೀಯವಾಗಿ ತಂಪಾಗಿರುತ್ತಿತ್ತು. ಫ್ಯಾನ್, ಚಿಪ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್, ತಿರುಪು ಯಾವುದೂ ಬದಲಾಗಿಲ್ಲ, ಬದಲಾದದ್ದು ಗುರುತ್ವದ ದಿಕ್ಕು ಮಾತ್ರ. ದಿಕ್ಕಿಗೆ ಪ್ರತಿಕ್ರಿಯಿಸಬಲ್ಲದ್ದು ಕೂಲರಿನೊಳಗಿನ ದ್ರವ ಒಂದೇ.

ಆ ದ್ರವ ಇರುವುದು ವೇಪರ್ ಚೇಂಬರ್ ಎಂಬ ಚಪ್ಪಟೆ ತಾಮ್ರದ ಪೊಟ್ಟಣದಲ್ಲಿ. ಒಳಗಿನ ಗಾಳಿ ತೆಗೆದು ಸ್ವಲ್ಪವೇ ನೀರು ಹಾಕಿ ಮುಚ್ಚಿರುತ್ತಾರೆ. ಇಡ್ಲಿ ಪಾತ್ರೆಯಲ್ಲಿ ತಳದ ನೀರು ಹಬೆಯಾಗಿ ಮುಚ್ಚಳಕ್ಕೆ ತಾಗಿ, ಮತ್ತೆ ನೀರಾಗಿ ತಳಕ್ಕಿಳಿಯುತ್ತದಲ್ಲ, ಇಲ್ಲೂ ಅದೇ ಚಕ್ರ. ಆದರೆ ಸಾಮಾನ್ಯ ಟವರ್ ಕ್ಯಾಬಿನೆಟ್‌ನಲ್ಲಿ ಕಾರ್ಡ್ ಮುಖ ಕೆಳಗಾಗಿ ಮಲಗಿರುವುದರಿಂದ ಒಲೆ ಮೇಲಿದೆ, ಮುಚ್ಚಳ ಕೆಳಗಿದೆ. ನೀರು ಹಿಂದಿರುಗಬೇಕಾದರೆ ಒಳಗೋಡೆಯ ಸಣ್ಣ ರಂಧ್ರಗಳ ಪದರ ಅದನ್ನು ಗುರುತ್ವಕ್ಕೆ ಎದುರಾಗಿ ಮೇಲಕ್ಕೆ ಹೀರಬೇಕು. ನೀರೇ ಕಡಿಮೆಯಿದ್ದರೆ ಚಿಪ್‌ಗೆ ತಾಗಿದ ಜಾಗ ಒಣಗುತ್ತದೆ, ಅಲ್ಲಿಂದ ಶಾಖ ಸಾಗುವುದಿಲ್ಲ. 2023ರ ಜನವರಿಯಲ್ಲಿ ಎಎಂಡಿಯ ಗ್ರಾಫಿಕ್ಸ್ ವಿಭಾಗದ ಅಂದಿನ ಮುಖ್ಯಸ್ಥ ಸ್ಕಾಟ್ ಹರ್ಕಲ್‌ಮನ್, ಒಂದು ಸಣ್ಣ ಕಂತಿನಲ್ಲಿ ತಯಾರಾದ ವೇಪರ್ ಚೇಂಬರ್‌ಗಳಲ್ಲಿ ನೀರು ಸಾಲದಾಗಿತ್ತು ಎಂದು ಒಪ್ಪಿಕೊಂಡರು. ಅಂಥ ಕಾರ್ಡ್‌ಗಳನ್ನು ಬದಲಿಸಿಕೊಡುವ ವ್ಯವಸ್ಥೆಯಾಯಿತು. ಇಂಥ ದೋಷವನ್ನು ಮನೆಯಲ್ಲಿ ಪೇಸ್ಟ್ ಬದಲಿಸಿ ಸರಿಪಡಿಸಲು ಯಾರಿಂದಲೂ ಆಗದು. ಪತ್ತೆ ಮಾಡುವುದು ಮಾತ್ರ ಯಾರಿಂದಲೂ ಆಗುತ್ತದೆ.

ಇನ್ನು ಟೊರಾಂಟೊ ಭಾಗದ ಮನೆಗಳ ಮಾತು. ಮಿಸ್ಸಿಸಾಗಾ, ಬ್ರಾಂಪ್ಟನ್, ಮಾರ್ಕಮ್‌ಗಳ ಹೆಚ್ಚಿನ ಮನೆಗಳಲ್ಲಿ ಫರ್ನೆಸ್‌ನ ಬಿಸಿಗಾಳಿ ನೆಲದ ವೆಂಟ್‌ಗಳಿಂದ ಬರುತ್ತದೆ. ಮೇಜಿನಡಿ, ಗೋಡೆ ಮಗ್ಗುಲಲ್ಲಿ ಕ್ಯಾಬಿನೆಟ್ ಇಡುವ ಜಾಗವೇ ಎಷ್ಟೋ ಸಲ ವೆಂಟ್ ಇರುವ ಜಾಗ. ಹೊರಗೆ ಹಿಮ ಬೀಳುತ್ತಿರುವಾಗ ಕಾರ್ಡ್ ಬೇಸಿಗೆಗಿಂತ ಬಿಸಿಯಾದರೆ ಮೊದಲು ನೋಡಬೇಕಾದದ್ದು ಅದನ್ನೇ. ಕೋಣೆಯ ತಾಪವನ್ನು ಗೋಡೆಯ ಥರ್ಮೋಸ್ಟಾಟ್‌ನಿಂದ ಓದದೆ ಕ್ಯಾಬಿನೆಟ್‌ನ ಮುಂದಿನ ಗಾಳಿಯಲ್ಲೇ ಅಳೆಯಬೇಕು. ಫ್ಯಾನ್ ವೇಗ ಒಂದೇ ಇದ್ದರೆ, ಒಳಬರುವ ಗಾಳಿ ಎಷ್ಟು ಡಿಗ್ರಿ ಏರುತ್ತದೋ ಕಾರ್ಡ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೇಸ್‌ಮೆಂಟ್‌ನ ಕಾರ್ಪೆಟ್ ಮೇಲೆ ನೇರವಾಗಿ ಇಟ್ಟ ಕ್ಯಾಬಿನೆಟ್‌ನಲ್ಲಿ ತಳದಿಂದ ಗಾಳಿ ಎಳೆಯುವ ವಿದ್ಯುತ್ ಪೂರೈಕೆಯ ಘಟಕಕ್ಕೆ (ಎಸ್‌ಎಂಪಿಎಸ್) ಗಾಳಿಯೇ ಸಿಗುವುದಿಲ್ಲ. ಕೋಣೆಯ ಗಾತ್ರವನ್ನೂ ಮರೆಯುವಂತಿಲ್ಲ: 7900 ಎಕ್ಸ್‌ಟಿಎಕ್ಸ್ ಒಂದೇ 355 ವ್ಯಾಟ್ ಎಳೆಯುತ್ತದೆ, ಅದೆಲ್ಲವೂ ಕೊನೆಗೆ ಕೋಣೆಗೆ ಸೇರುವ ಶಾಖ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ರೂಮ್ ಹೀಟರ್ 1500 ವ್ಯಾಟಿನದು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದರ ಕಾಲು ಭಾಗದಷ್ಟು ಶಾಖ ಸಂಜೆಯಿಡೀ ಸುರಿಯುತ್ತಿರುತ್ತದೆ.

ಅದೇ 355 ವ್ಯಾಟಿನಿಂದ ಇನ್ನೊಂದು ಲೆಕ್ಕವೂ ಹೊರಡುತ್ತದೆ. ಮದರ್‌ಬೋರ್ಡ್‌ನ ಸ್ಲಾಟ್ ಕೊಡಬಲ್ಲದ್ದು 75 ವ್ಯಾಟ್, ಎಂಟು ಪಿನ್ನಿನ ಒಂದೊಂದು ಕೇಬಲ್ 150 ವ್ಯಾಟ್. ಸ್ಲಾಟ್ ಮತ್ತು ಎರಡು ಕೇಬಲ್ ಸೇರಿ 375. ಉಳಿಕೆ ಬರೀ 20. ಒಂದೇ ಕೇಬಲನ್ನು ತುದಿಯಲ್ಲಿ ಕವಲೊಡೆಸಿ ಎರಡು ಕಡೆ ಚುಚ್ಚಿದರೆ ಹೊರೆಯೆಲ್ಲ ಆ ಒಂದು ಕೇಬಲ್ ಮೇಲೆ ಬೀಳುತ್ತದೆ; ಏಕಾಏಕಿ ಕಂಪ್ಯೂಟರ್ ನಂದುವುದಕ್ಕೆ ಇದೂ ಕಾರಣವಾಗಬಹುದು.

ಹಾಗಾದರೆ ಪರಿಶೀಲನೆಯನ್ನು ಎಲ್ಲಿಂದ ಆರಂಭಿಸಬೇಕು? ನನ್ನ ಅಭಿಪ್ರಾಯದಲ್ಲಿ, ಕ್ಯಾಬಿನೆಟ್ ತೆರೆಯುವ ಮೊದಲೇ ಒಂದು ಭಾರದ ಕೆಲಸವನ್ನು ಅರ್ಧ ಗಂಟೆ ಓಡಿಸಿ ಎಲ್ಲ ಅಂಕಿಗಳನ್ನೂ ಫೈಲಿಗೆ ದಾಖಲಿಸಿಕೊಳ್ಳಬೇಕು. ಎಚ್‌ಡಬ್ಲ್ಯೂಇನ್ಫೋದಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು. ಕಾರ್ಡ್‌ನ ಬಳಕೆ ಶೇ. 50–60ರಲ್ಲೇ ನಿಂತು ತಾಪವೂ ಕಡಿಮೆಯಿದ್ದರೆ ನಿಧಾನಕ್ಕೆ ಬಿಸಿ ಕಾರಣವಲ್ಲ. ಪ್ರೊಸೆಸರ್ ಹಿಂದೆ ಬಿದ್ದಿರಬಹುದು, ಫ್ರೇಮ್ ಮಿತಿ ಹಾಕಿರಬಹುದು, ಮಾನಿಟರ್‌ನ ಕೇಬಲ್ ಕಾರ್ಡ್‌ಗೆ ಬದಲು ಮದರ್‌ಬೋರ್ಡ್‌ಗೆ ಚುಚ್ಚಿರಬಹುದು. ಬಳಕೆ ಪೂರ್ತಿಯಿದ್ದು, ಎರಡೂ ತಾಪಗಳು ಜೊತೆಯಾಗಿ ಏರಿ ಕ್ಲಾಕ್ ಇಳಿದರೆ ತೊಡಕು ಗಾಳಿಯದು. ಕ್ಯಾಬಿನೆಟ್‌ನ ಪಕ್ಕದ ಹಲಗೆ ತೆಗೆದು ಮತ್ತೆ ಓಡಿಸಿದಾಗ ತಾಪ ಚೆನ್ನಾಗಿ ಇಳಿದರೆ ಅದು ಖಚಿತ. ಕಂಪ್ಯೂಟರ್ ಆರಿಸಿ ಧೂಳು ತೆಗೆಯುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಇಲ್ಲಿನ ಚಳಿಗಾಲದ ಒಣಹವೆಯಲ್ಲಿ ಮೈಯಲ್ಲಿ ಸ್ಥಿರವಿದ್ಯುತ್ ಬಲು ಬೇಗ ಸೇರುವುದರಿಂದ, ಕಾರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬರಿ ಲೋಹವನ್ನು ಮುಟ್ಟಬೇಕು.

ಗಾಳಿ ಸರಿಯಿದ್ದೂ ಬಿಸಿ ಹೆಚ್ಚೆನಿಸಿದರೆ ವೋಲ್ಟೇಜ್ ತಗ್ಗಿಸುವುದು ನನಗೆ ಎಲ್ಲಕ್ಕಿಂತ ವಿವೇಕದ ದಾರಿಯಾಗಿ ಕಾಣುತ್ತದೆ. ಚಿಪ್ ಕೆಲಸಕ್ಕೆ ವ್ಯಯಿಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ; ಶೇ. 10 ತಗ್ಗಿಸಿದರೆ, ಅದೇ ವೇಗದಲ್ಲಿ, ಆ ವ್ಯಯ ಸುಮಾರು ಶೇ. 19 ಇಳಿಯುತ್ತದೆ. ಪ್ರತಿ ಚಿಪ್ ತಾಳುವ ಮಟ್ಟ ಬೇರೆ. ಹಾಗಾಗಿ ಸ್ವಲ್ಪಸ್ವಲ್ಪವೇ ಇಳಿಸಿ, ಪ್ರತಿ ಸಲವೂ ಅದೇ ಅರ್ಧ ಗಂಟೆಯ ಕೆಲಸವನ್ನು ಓಡಿಸಿ ನೋಡಬೇಕು.

ಉಳಿದದ್ದು ಅಂಚಿಗೂ ಹಾಟ್‌ಸ್ಪಾಟ್‌ಗೂ ನಡುವಿನ ಅಂತರ ದೊಡ್ಡದಾಗಿರುವ ಕಾರ್ಡ್. ಹಳೆಯ ಕಾರ್ಡ್ ಆಗಿದ್ದು, ಅಂತರ ವರ್ಷಗಳಲ್ಲಿ ಮೆಲ್ಲಗೆ ಹೆಚ್ಚಿದ್ದರೆ ಥರ್ಮಲ್ ಪೇಸ್ಟ್ ಒಣಗಿರುವ ಅಥವಾ ಅಂಚಿಗೆ ಸರಿದಿರುವ ಸಾಧ್ಯತೆಯೇ ಹೆಚ್ಚು. ವಾರಂಟಿ ಮುಗಿದಿದ್ದರೆ ಬದಲಿಸಲು ಅಡ್ಡಿಯಿಲ್ಲ. ಹೊಸ ಕಾರ್ಡ್ ಆಗಿದ್ದರೆ ಕೂಲರ್ ಬಿಚ್ಚಲೇಬಾರದು. ಕಂಪ್ಯೂಟರ್ ಆರಿಸಿ ಚೆನ್ನಾಗಿ ತಣಿಯಲು ಬಿಟ್ಟು, ಕಾರ್ಡ್ ಲಂಬವಾಗಿ ನಿಲ್ಲುವಂತೆ ಇಡೀ ಕ್ಯಾಬಿನೆಟನ್ನು ಜೋಪಾನವಾಗಿ ಮಲಗಿಸಿ, ಗಾಳಿಯ ದಾರಿ ಮುಚ್ಚಿಲ್ಲವೆಂದು ನೋಡಿಕೊಂಡು ಅದೇ ಕೆಲಸವನ್ನು ಮತ್ತೆ ಓಡಿಸಬೇಕು. ಭಂಗಿ ಬದಲಾದೊಡನೆ ಅಂತರ ತೀವ್ರವಾಗಿ ಕುಗ್ಗಿದರೆ ಆ ಎರಡೂ ದಾಖಲೆಗಳನ್ನು, ಕೋಣೆಯ ತಾಪವನ್ನೂ ಬರೆದು, ವಾರಂಟಿ ಅರ್ಜಿಯ ಜೊತೆಗೆ ಲಗತ್ತಿಸಬೇಕು.