ಸನ್ನತಿಯ ಕಲ್ಲನ್ನು ನೋಡುವ ಬಗೆ

ಆಳಂದದ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುವುದನ್ನು ನೀವು ಬಲ್ಲಿರಿ. ಅದೇ ನೀರು ಜೇವರ್ಗಿ ಸೀಮೆಯನ್ನು ಹಾಯ್ದು ಸನ್ನತಿಗೆ ಹೋಗುತ್ತದೆ.

1980ರ ದಶಕದಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳಿದ್ದವು; ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಮೂರ್ತಿಯನ್ನು ನಿಲ್ಲಿಸಲು ಕೊರೆದ ಕುಳಿಯಲ್ಲಿ ಎಷ್ಟೋ ಅಕ್ಷರಗಳು ಹೋಗಿದ್ದವು. ಕೊರೆದವರನ್ನು ದೂರಬೇಡಿ. ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿ ಓದಿದ್ದೇ 1837ರಲ್ಲಿ.

ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದು ಹೊರಬಂದಿತು. ಅದರ ಒಂದು ಫಲಕದಲ್ಲಿ ಪರಿವಾರದೊಡನೆ ನಿಂತ ಅರಸ. ಜೊತೆಗೆ ‘ರಾಯ ಅಸೋಕೋ’ ಎಂಬ ಬರಹ. ಆ ಕೆಲವೇ ಅಕ್ಷರಗಳಿಲ್ಲದಿದ್ದರೆ ಅವನು ನಮಗೆ ಯಾರೋ ಒಬ್ಬ ರಾಜ!

ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸನ್ನತಿಯ ಶಿಲ್ಪಗಳಿವೆ. ಶಾಲೆಯ ಪ್ರವಾಸದಲ್ಲಿ ಹೋದಾಗ ಎಲ್ಲವನ್ನೂ ನೋಡಲು ಓಡಬೇಡಿ. ಒಂದು ಕಲ್ಲಿನ ಮುಂದೆ ನಿಂತು ಕೇಳಿ: ಇದು ಎಲ್ಲಿಂದ ಬಂತು? ಯಾರು ಮಾಡಿಸಿದರು? ಆಮೇಲೆ ಯಾವುದಕ್ಕೆ ಬಳಕೆಯಾಯಿತು? ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇತಿಹಾಸದ ರುಚಿ ಹತ್ತಿದ್ದು ಇಂಥ ಪ್ರಶ್ನೆಗಳಿಂದಲೇ.

ಊರಿಗೆ ಮರಳಿದ ಮೇಲೆ ಗುಡಿಯ ಕಟ್ಟೆ, ಬಾವಿಯ ಮೆಟ್ಟಿಲುಗಳನ್ನೂ ಹೀಗೆಯೇ ನೋಡಿ. ಅಕ್ಷರ ಕಂಡರೆ ಸುಣ್ಣ ಬಳಿಯಲು ಬಿಡದೆ ನಿಮ್ಮ ಗುರುಗಳಿಗೆ ತಿಳಿಸಿ.